ಸಂಜೆ ತಟ್ಟುವ ಗೋಡೆ

"ಏನ್ಮಾಡ್ಲಮ್ಮ, ಲಂಡನ್ನಿನೋರು ನಿನಗಿಂತ ಹೆಚ್ಚು ಕೊಡ್ತೀವಿ ಅಂತಿದ್ದಾರೆ" ಎಂದು ಕ್ಲೈವ್ ಸಗ್ಡನ್ ಹೇಳುವುದಕ್ಕೂ ಪಕ್ಕದ ಮನೆಯಿಂದ ಯಾರೋ ಗೋಡೆ ತಟ್ಟುವುದಕ್ಕೂ ಸರಿಹೋಯಿತು. ಟಕ್, ಟಕ್, ಟಕ್.

ಬ್ರಯನಿ ಬೆಚ್ಚಿ ಗೋಡೆಯ ಕಡೆ ನೋಡಿದಳು. ಕ್ಲೈವ್ ನೋಡಲಿಲ್ಲ. ತೀರಿಕೊಂಡ ಅಪ್ಪನ ಮನೆ ಮಾರಲು ಬಂದವನು ಅವನು. ಸಾಮಾನೆಲ್ಲ ಸಾಗಿಸಿಯಾಗಿತ್ತು; ಉಳಿದದ್ದು ಕಿಟಕಿಯ ಪರದೆ, ಒಂದು ಕೆಟಲ್ಲು, ಎರಡು ಮಗ್ಗು. ಗುಡ್ಡದ ಇಳಿಜಾರಿಗೆ ಅಂಟಿಕೊಂಡು ಮೆಟ್ಟಿಲಿನಂತೆ ಇಳಿಯುವ ಸಾಲುಮನೆಗಳಲ್ಲಿ ನಡುವಿನ ಈ ಮನೆ ಅವಳಿಗೇ ಎಂದು ಕ್ರಿಸ್‌ಮಸ್ಸಿಗೆ ಮುಂಚೆಯೇ ಮಾತಾಗಿತ್ತು. ಆದರೆ ಎರಡೂ ಕಡೆಯ ವಕೀಲರು ಸಹಿಯಾದ ಪತ್ರ ಬದಲಾಯಿಸಿಕೊಳ್ಳುವವರೆಗೆ ಇಲ್ಲಿ ಮಾತೆಂಬುದು ಬರೀ ಮಾತು, ಯಾರು ಬೇಕಾದರೂ ಹಿಂದೆ ಸರಿಯಬಹುದು. ಕನ್ನಡಕದ ಅಂಗಡಿಯ ಸಂಬಳದಲ್ಲಿ ಅವಳು ಇನ್ನೇನೂ ಏರಿಸುವಂತಿರಲಿಲ್ಲ. 'ನನ್ನ ಕೈಲಾಗೋದು ಇಷ್ಟೇ, ಆದರೂ ನನಗೇ ಕೊಡಿ' ಎಂದು ಕೇಳಲು ಬಸ್ಸು ಹತ್ತಿ ಬಂದಿದ್ದಳು. ಬಂದವಳು ಚಳಿಯ ಮಾತಾಡಿದ್ದಳು, ಬಸ್ಸಿನ ಮಾತಾಡಿದ್ದಳು, ಪರದೆಯ ಬಣ್ಣ ಚೆನ್ನಾಗಿದೆ ಎಂದೂ ಅಂದಿದ್ದಳು. ಅದೊಂದು ಮಾತು ಮಾತ್ರ ಗಂಟಲು ದಾಟಿರಲಿಲ್ಲ.

"ಯಾರು ಅದು, ತಟ್ಟಿದ್ದು?" ಎಂದಳು.

"ಮೇಲಿನ ಮನೆ ಹಿಲ್ಡಾ ಆಂಟಿ. ದಿನಾ ದೀಪ ಹಾಕೋ ಹೊತ್ತಿಗೆ ತಟ್ತಾರೆ. ಉಣ್ಣೆ ಗಿರಣಿ ನಡೀತಿದ್ದ ಕಾಲದ ಪದ್ಧತಿ. ಮೇಲಿನ ತುದಿ ಮನೇಲಿ ಶುರುವಾಗಿ, ಗೋಡೆಯಿಂದ ಗೋಡೆಗೆ ಇಳ್ಕೊಂಡು, ಕೆಳಗಿನ ತುದಿ ಮುಟ್ಟಿ, ಅದೇ ದಾರೀಲಿ ವಾಪಸ್ ಬರಬೇಕು. ಬಂತು ಅಂದ್ರೆ ಎಲ್ಲರೂ ನೆಟ್ಟಗಿದ್ದಾರೆ ಅಂತ. ಎದುರಿಗೆ ಸಿಕ್ರೆ ಮಳೆ ಬಿಸಿಲು ಬಿಟ್ಟು ಬೇರೆ ಮಾತಾಡಲ್ಲ ಈ ಜನ. ತಟ್ಟೋದು ಮಾತ್ರ ತಪ್ಪಿಸಲ್ಲ."

"ಈ ಮನೆ ಖಾಲಿ ಅಂತ ಅವರಿಗೆ ಗೊತ್ತಿಲ್ವಾ?"

"ಗೊತ್ತಿಲ್ದೆ ಏನು? ಅಪ್ಪನ ಶವಪೆಟ್ಟಿಗೆ ಹಿಂದೆ ಚರ್ಚಿನವರೆಗೆ ನಡೆದೋರು. ಆದ್ರೂ ತಟ್ತಾರೆ. ವಯಸ್ಸಾಯ್ತಲ್ಲ." ಕ್ಲೈವ್ ನಗಲು ನೋಡಿದ. ನಗು ಬರಲಿಲ್ಲ. "ಅಪ್ಪ ಹೋದಾಗಿಂದ ಇಲ್ಲಿಗೇ ನಿಂತುಬಿಟ್ಟಿದೆ. ಕೆಳಗಿನ ಮನೆಗಳಿಗೆ ಏನೂ ಹೋಗಲ್ಲ."

"ಲಂಡನ್ನಿನೋರು... ಇಲ್ಲೇ ಇರ್ತಾರಾ?"

"ಬೇಸಿಗೇಲಿ ಒಂದೆರಡು ವಾರ ಬಂದು ಹೋಗ್ತಾರಂತೆ."

ಮೇಲಿನ ಗೋಡೆಯಲ್ಲಿ ಮತ್ತೆ ತಟ್ಟಿದ ಸದ್ದಾಯಿತು. ಈ ಸಲ ನಿಧಾನವಾಗಿ, ಉತ್ತರ ಬರುವುದಿಲ್ಲವೆಂದು ಗೊತ್ತಿದ್ದವರ ಹಾಗೆ. ಬ್ರಯನಿ ಕೋಣೆ ದಾಟಿ ಕೆಳಗಿನ ಮನೆಯ ಗೋಡೆಗೆ ಹೋದಳು. "ಏನ್ ಮಾಡ್ತಿದ್ದೀಯಮ್ಮ?" ಎಂದ ಕ್ಲೈವ್. ಅವಳು ಬೆರಳು ಮಡಚಿ ಮೂರು ಸಲ ತಟ್ಟಿದಳು. ಮಾತಾಡುವುದಕ್ಕಿಂತ ಅದು ಸುಲಭವಾಗಿತ್ತು.

ಮೊದಲು ಏನೂ ಕೇಳಲಿಲ್ಲ. ಆಮೇಲೆ ಆಚೆ ಕಡೆ ಕುರ್ಚಿಯೊಂದು ದಡಕ್ಕನೆ ಸರಿಯಿತು, ನಾಯಿ ಬೊಗಳಿತು, "ಸುಮ್ನಿರೋ" ಎಂದು ಗಂಡಸಿನ ದನಿ ಗದರಿತು. ನಡುಗುವ ಹೆಜ್ಜೆಗಳು ಆ ಮನೆಯ ಇನ್ನೊಂದು ಗೋಡೆಯ ಕಡೆ ಓಡಿದವು. ಟಕ್, ಟಕ್, ಟಕ್. ಅದರಾಚೆ ಇನ್ನೂ ಸಣ್ಣದಾಗಿ. ಅದರಾಚೆ ಇನ್ನೂ ಸಣ್ಣದಾಗಿ. ಅವಳು ಕಿವಿಯನ್ನು ಗೋಡೆಗೆ ಒತ್ತಿದಳು. ಸದ್ದು ಇಳಿದಿಳಿದು, ಇದೆಯೋ ಇಲ್ಲವೋ ಎನ್ನುವಷ್ಟಾಗಿ, ಇಲ್ಲವಾಯಿತು. ಕ್ಲೈವ್ ಕೂಡ ಹತ್ತಿರ ಬಂದು ಕಿವಿಗೊಟ್ಟ. ಆಗ ಬಾವಿಯ ತಳದಿಂದ ಕೊಡ ಮೇಲೆ ಬರುವ ಹಾಗೆ ಅದು ತಿರುಗಿ ಬರತೊಡಗಿತು. ಮನೆ ಮನೆ ದಾಟಿ, ಕೈಯಿಂದ ಕೈಗೆ ದೊಡ್ಡದಾಗುತ್ತ ಬಂದು, ಕೊನೆಗೆ ಅವಳ ಕಿವಿಯ ಪಕ್ಕದಲ್ಲೇ ಗೋಡೆ ಅದುರಿತು. ಅವಳು ಮುಖ ಕೂಡ ನೋಡಿರದ ಅಷ್ಟು ಜನ, ತಂತಮ್ಮ ಪರದೆಗಳ ಹಿಂದೆ ಕುಳಿತೇ, ಇದ್ದೇವೆ ಎಂದಿದ್ದರು.

ಇನ್ನು ಉಳಿದದ್ದು ಹಿಲ್ಡಾಳ ಗೋಡೆ. "ನೀವೇ ತಟ್ಟಿ" ಎಂದಳು ಬ್ರಯನಿ, ಪಿಸುಮಾತಿನಲ್ಲಿ.

ಕ್ಲೈವ್ ಆ ಗೋಡೆಯ ಕಡೆ ನಡೆದ. ಆಮೇಲೆ ಆ ದಪ್ಪ ಕೋಟಿನ ಭಾರೀ ಗಂಡಸು ಮಂಡಿಯೂರಿ ಕುಳಿತು, ಅಗ್ಗಿಷ್ಟಿಕೆಯ ಪಕ್ಕದಲ್ಲಿ, ಚಿಕ್ಕ ಹುಡುಗನೊಬ್ಬನ ಕೈಗೆ ಎಟುಕುವಷ್ಟು ಎತ್ತರದಲ್ಲಿ ಗೋಡೆ ತಟ್ಟಿದ.

ಆಚೆಯಿಂದ ಚೀತ್ಕಾರದಂಥ ದನಿ. "ಕ್ಲೈವಾ? ಇಷ್ಟು ವಯಸ್ಸಾದ್ರೂ ಅಲ್ಲೇ ತಟ್ತೀಯೇನೋ ಕತ್ತೆ! ಕೆಳಗಿನ ಗೋಡೆ ತಟ್ಟಿದ್ದು ಯಾರೋ?"

"ಮನೆ ತಗೊಂಡೋಳು, ಆಂಟಿ."

"ಆ ಲಂಡನ್ನಿನೋರಾ?"

ಕ್ಲೈವ್ ಗಂಟಲು ಸರಿಮಾಡಿಕೊಂಡ. "ಅಲ್ಲ. ಇಲ್ಲೇ ಇರೋಳು."

"ಹೆಸರಿಲ್ವೇನೋ ಅವಳಿಗೆ?"

"ಸೋಮವಾರ ವಕೀಲರ ಹತ್ರ ಎಲ್ಲಾ ಮುಗಿಸಿಬಿಡೋಣ" ಎಂದ ಕ್ಲೈವ್, ಬ್ರಯನಿಯ ಮುಖ ನೋಡದೆ. "ಈಗ ಹೆಸರು ಹೇಳಮ್ಮ. ಗಟ್ಟಿಯಾಗಿ."

ತರಗತಿಯಲ್ಲಿ ಹಾಜರಿ ಕರೆದಾಗಲೂ ದನಿ ಎತ್ತಿದವಳಲ್ಲ. ಗೋಡೆಗೆ ಬಾಯಿಯಿಟ್ಟು ಕೂಗಿಯೇಬಿಟ್ಟಳು. ಆಚೆ ಕಡೆ ಚಪ್ಪಲಿ ಪರಪರ ಸರಿದುಹೋಯಿತು. "ಬ್ರಯನಿಯಂತೆ!" ಎಂದು ಹಿಲ್ಡಾ ಯಾರಿಗೋ ಕೂಗಿದ್ದು ಕೇಳಿಸಿತು. ಅದರಾಚೆ ಇನ್ಯಾರೋ ಕೂಗಿದರು. ಒಂದೊಂದು ಮನೆಗೂ ಸಣ್ಣದಾಗುತ್ತ ಗುಡ್ಡ ಹತ್ತಿ ಹೋಗುತ್ತಿದ್ದ ತನ್ನ ಹೆಸರನ್ನು, ಅದು ಪೂರ್ತಿ ಅಡಗುವವರೆಗೂ, ಅವಳು ಗೋಡೆಗೆ ಕೆನ್ನೆಯಾನಿಸಿ ಕೇಳುತ್ತ ನಿಂತಳು.