ಕೈಗೆ ಕೂತ ಗ್ರಿಪ್

ಒಂದೂರಲ್ಲಿ ಗಿರಾಕಿಗಳನ್ನೆಲ್ಲ ಕಳ್ಳರಂತೆ ನೋಡುವ ಕ್ಯಾಮೆರಾ ಅಂಗಡಿಯವನೊಬ್ಬ ಇದ್ದನಂತೆ. ಒಂದು ಮಧ್ಯಾಹ್ನ ಹುಡುಗಿಯೊಬ್ಬಳು ಹಳೆಯ ರೀಲ್ ಕ್ಯಾಮೆರಾ ತಂದಳು.

“ಇದಕ್ಕೊಂದು ಒಳ್ಳೆ ಗ್ರಿಪ್ ಹಾಕಿಸ್ತೀನಿ ಅಂತ ಅಜ್ಜಿಗೆ ಮಾತು ಕೊಟ್ಟಿದೀನಿ, ಅಂಕಲ್.”

ಅವನು ಚರ್ಮದ್ದು, ರಬ್ಬರಿನದು, ಮರದ್ದು ತೋರಿಸಿದ. ಅವಳು ಯಾವುದನ್ನೂ ಮುಟ್ಟಲಿಲ್ಲ.

“ನೀವೇ ಹಾಕಿ, ಹಿಡಿದು ನೋಡಿ.”

ಅವನು ಒಂದೊಂದನ್ನೇ ಹಾಕಿ, ಹಿಡಿದು ನೋಡುತ್ತಲೇ ಸಿಡುಕಿದ, “ಕ್ಯಾಮೆರಾ ನಿಂದು, ಅಳತೆಗೆ ಕೈ ನಂದಾ? ರೀಲ್ ಹಾಕೋಕಾದ್ರೂ ಬರುತ್ತಾ ನಿಂಗೆ?”

“ಇಲ್ಲ.”

“ಎಲ್ಲಿಂದ ಎಗರಿಸಿಕೊಂಡು ಬಂದೆ? ಪೊಲೀಸರನ್ನ ಕರೀಲಾ?”

“ಕರೀರಿ. ಮೊದಲು ಹೇಳಿ, ಯಾವುದು ಕೈಗೆ ಸರಿಯಾಗಿ ಕೂತಿತು?”

“ಮರದ್ದು,” ಎಂದು ಗೊಣಗಿದ.

ಅವಳು ಗ್ರಿಪ್ಪಿನ ದುಡ್ಡಿಟ್ಟು, ಕ್ಯಾಮೆರಾವನ್ನು ಅವನ ಕೈಯಲ್ಲೇ ಬಿಟ್ಟು, ಮೆಟ್ಟಿಲಿಳಿದಳು.

“ಏಯ್, ಕ್ಯಾಮೆರಾ!”

“ನಿಮ್ಮಪ್ಪನ ಹತ್ರ ನಮ್ಮಜ್ಜಿ ಎರವಲು ತಂದಿದ್ದು, ಅಂಕಲ್. ಬರಿದೇ ವಾಪಸ್ ಕೊಡಬಾರದಲ್ವಾ?”