ಬೋರ್ಡಿನ ಮೂಲೆಯಲ್ಲಿ ಬರೆದ ಹೆಸರು

ಮಾತಾಡುವ ಮಕ್ಕಳ ಹೆಸರನ್ನು ಇನ್ನು ಮೇಲೆ ಬೋರ್ಡಿನ ಮೇಲೆ ಬರೆಸಬಾರದು ಎಂದು ರುಕ್ಸಾನಾ ಹೇಳಿದ್ದೇ ತಡ, ಹಿಂದಿನ ಸಾಲಿನಿಂದ ದೊಡ್ಡಣ್ಣ ಮೇಷ್ಟ್ರ ದನಿ ಎದ್ದಿತು.

"ಕೋಲು ಹಿಡಿದ್ರೆ ನೋಟೀಸು, ಬೈದ್ರೆ ಕಂಪ್ಲೇಂಟು. ಈಗ ಹೆಸರೂ ಬರೆಸಂಗಿಲ್ಲ. ಮಕ್ಕಳ ಮುಂದೆ ಕೈ ಮುಗ್ಕಂಡು ಕೂರಾದೊಂದು ಬಾಕಿ ಐತೆ ನೋಡ್ರಿ."

ಜಗಳೂರಿನ ಆ ತರಬೇತಿ ಕೋಣೆಯಲ್ಲಿದ್ದ ಮೂವತ್ತು ಮಂದಿ ಶಿಕ್ಷಕರೂ ಗೊಳ್ಳೆಂದರು. ಮೂರು ದಿನದ ತರಬೇತಿಯ ಕೊನೆಯ ಮಧ್ಯಾಹ್ನ. ಊಟ ಮುಗಿದಿತ್ತು, ಕರೆಂಟು ಹೋಗಿ ಫ್ಯಾನು ನಿಂತಿತ್ತು, ಎಲ್ಲರ ಮನಸ್ಸೂ ಐದು ಗಂಟೆಗೆ ಹಾಕಬೇಕಾದ ಸಹಿಯ ಮೇಲಿತ್ತು. ರುಕ್ಸಾನಾ ಚನ್ನಗಿರಿ ಕಡೆಯ ಕೆರೆಬಿಳಚಿಯವಳು. ಹನ್ನೊಂದು ವರ್ಷ ಮಕ್ಕಳಿಗೆ ಪಾಠ ಮಾಡಿದವಳು, ಮೇಷ್ಟ್ರುಗಳಿಗೆ ಹೇಳಿಕೊಡಲು ನಿಂತದ್ದು ಇದೇ ಮೊದಲು. ಉಳಿದದ್ದು ಏನು ಮರೆತರೂ ಮರೆಯಲಿ, ಈ ಹೆಸರು ಬರೆಸುವ ಚಾಳಿಯೊಂದನ್ನು ಬಿಡಿಸದೆ ಊರಿನ ಬಸ್ಸು ಹತ್ತುವುದಿಲ್ಲ ಎಂದು ಬೆಳಿಗ್ಗೆಯೇ ಗಟ್ಟಿ ಮಾಡಿಕೊಂಡು ಬಂದಿದ್ದಳು.

"ಹೆಸರು ಬರೆದ್ರೆ ಮಗು ಸುಮ್ಮನಾಗ್ತೈತೆ ಸರ್, ನಿಜ. ಆದ್ರೆ ಪಾಠ ಕೇಳ್ತೈತಾ?" ಎಂದು ಬೋರ್ಡಿನ ಕಡೆ ತಿರುಗಿದಳು. ಬೆನ್ನ ಹಿಂದೆ ದೊಡ್ಡಣ್ಣ ಪಕ್ಕದವರ ಕಿವಿಯಲ್ಲಿ ಏನೋ ಅಂದರು; ಕಿಸಕ್ಕನೆ ನಗು. ಮತ್ತೊಂದು ಅಂದರು, ಮತ್ತೆ ನಗು. ಸೀಮೆಸುಣ್ಣ ಹಿಡಿದ ಅವಳ ಕೈ, ಹನ್ನೊಂದು ವರ್ಷ ತರಗತಿಯಲ್ಲಿ ಹೋದ ಹಾಗೆಯೇ, ತನ್ನಷ್ಟಕ್ಕೆ ತಾನು ಬೋರ್ಡಿನ ಬಲಮೂಲೆಗೆ ಹೋಯಿತು. 'ದೊಡ್ಡಣ್ಣ' ಎಂದು ಬರೆಯಿತು. ಎರಡನೇ ಸಲ ಮಾತಾಡಿದ್ದಕ್ಕೆ ಎದುರಿಗೆ ಒಂದು ಇಂಟು ಮಾರ್ಕನ್ನೂ ಎಳೆಯಿತು.

ತಾನು ಬರೆದದ್ದನ್ನು ರುಕ್ಸಾನಾ ಓದಿದ್ದು ಎಲ್ಲರಿಗಿಂತ ಕೊನೆಗೆ.

ಮುಂದಿನ ಸಾಲಿನ ಲಕ್ಷ್ಮಿದೇವಿ ಟೀಚರು ಗಡಿಬಿಡಿಯಲ್ಲಿ ಡಸ್ಟರ್ ಎತ್ತಿಕೊಂಡರು. "ಏ, ಮೇಡಂ ತಮಾಷೆಗೆ ಬರೆದಾರೆ ಬಿಡ್ರಿ ಸರ್!"

"ತಮಾಷೆಗಲ್ಲ. ಅಳಿಸಬ್ಯಾಡ್ರಿ ಮೇಡಂ," ಎಂದಳು ರುಕ್ಸಾನಾ. ಐವತ್ತೆಂಟರ ದೊಡ್ಡಣ್ಣ ಅಷ್ಟರಲ್ಲಿ ಬ್ಯಾಗನ್ನು ಹೆಗಲಿಗೆ ಏರಿಸಿ ಬಾಗಿಲ ತನಕ ಬಂದಿದ್ದರು. ಅವಳು ಹೋಗಿ ಪಕ್ಕದಲ್ಲಿ ನಿಂತಳು, ದಾರಿಗೆ ಅಡ್ಡವಾಗದ ಹಾಗೆ.

"ತಪ್ಪು ನಂದು ಸರ್. ಮಾಡಬ್ಯಾಡ್ರಿ ಅಂತ ನಿಮಗೆ ಹೇಳಿ ನಾನೇ ಮಾಡೀನಿ. ಹೋಗ್ತೀರಾ, ಹೋಗ್ರಿ. ಮೇಲಿನೋರಿಗೆ ಬರೆದು ಕೊಡ್ತೀರಾ, ಕೊಡ್ರಿ. ಆದ್ರೆ ಅಲ್ಲಿ ನಿಮ್ಮ ಹೆಸರು ಕಂಡಾಗ ನಿಮಗೆ ಹೆಂಗಾತು, ಅದೊಂದನ್ನ ಇವರಿಗೆ ಹೇಳಿ ಹೋಗ್ರಿ. ಮೂರು ದಿನದಿಂದ ನನಗೆ ಹೇಳಾಕೆ ಆಗಿಲ್ಲ."

ದೊಡ್ಡಣ್ಣ ಅವಳ ಮುಖ ನೋಡಲಿಲ್ಲ. ಬೋರ್ಡನ್ನೇ ನೋಡುತ್ತಾ ನಿಂತರು.

"ಹೆಂಗಾಗ್ತೈತ್ರಿ? ಕಿವಿ ಕಾದ್ವು. ಎಲ್ಲಾರೂ ನನ್ನೇ ನೋಡಿದಂಗಾತು. ಎದ್ದು ಹೋಗಾಣ ಅನ್ನಿಸ್ತು, ಎದ್ದೆ." ಬ್ಯಾಗಿನ ಪಟ್ಟಿಯನ್ನು ಹೆಬ್ಬೆರಳಿನಿಂದ ತಿಕ್ಕಿದರು. "ನಾನೇನೋ ಎದ್ದು ಬಂದೆ. ನಮ್ಮ ನಾಲ್ಕನೇ ಕ್ಲಾಸಿನ ರಕ್ಷಾ ಎದ್ದು ಎಲ್ಲಿಗೆ ಹೋಗ್ತಾಳೆ?"

"ಯಾಕೆ ಸರ್, ಭಾಳ ಮಾತಾಡ್ತಾಳಾ?" ಎಂದಳು ರುಕ್ಸಾನಾ.

"ಹೂಂ. ಬಾಯಿ ಅಂಬೋದು ಸುಮ್ಮಕೆ ಇರಾಕಿಲ್ಲ." ದನಿ ಇಳಿಸಿ ಅಂದರು: "ದಿನಾ ಬರೆಯಾದು ದಿನಾ ಅಳಿಸಾದು ಯಾಕೆ ಅಂತ, ಜೂನ್ ತಿಂಗಳಾಗೆ ಅವಳ ಹೆಸರನ್ನ ಬೋರ್ಡಿನ ಮೂಲ್ಯಾಗೆ ಪೇಂಟಿನಾಗೆ ಬರೆಸಿಬಿಟ್ಟೀನ್ರಿ."

ದೊಡ್ಡಣ್ಣ ಹೊಸ್ತಿಲು ದಾಟಿ, ಚಪ್ಪಲಿಗೆ ಕಾಲು ಹಾಕಿ, ತಿರುಗಿ ನಿಂತು ಕೇಳಿದರು:

"ಪೇಂಟ್ ಕರಗಿಸೋ ಟರ್ಪೆಂಟೈನು ಇಲ್ಲಿ ಯಾವ ಅಂಗಡ್ಯಾಗೆ ಸಿಗ್ತೈತೆ, ಯಾರಾದ್ರೂ ಹೇಳ್ರಪ್ಪ. ಶಾಲೆ ಬಿಡೋದ್ರೊಳಗೆ ಊರು ಮುಟ್ಟಬೇಕು."