ಒಗೆಯುವ ಕಲ್ಲು

ಅಂದು ಬೆಳಗ್ಗೆ ಹೊಳೆಯ ಮೇಲೆ ಮಂಜು ಕವಿದಿತ್ತು. ವಲಸೆ ಬಂದ ಹೆಂಗಸರನ್ನೂ ಹೊಳೆಯನ್ನೂ ಕುರಿತ ಕಲಾಪ್ರದರ್ಶನದ ಬಾಗಿಲಲ್ಲಿ ಬಟ್ಟೆ ಒಗೆಯುವ ದ್ಯಾಮವ್ವ ನಿಂತಿದ್ದಳು. ಊರು ಬಿಟ್ಟಾಗ ಅವಳ ತಾಯಿ ತಲೆಯ ಮೇಲೆ ಹೊತ್ತು ತಂದಿದ್ದ ಒಗೆಯುವ ಕಲ್ಲನ್ನು ಕಲಾವಿದೆ ಪ್ರದರ್ಶನಕ್ಕೆಂದು ಕೇಳಿ ಒಯ್ದಿದ್ದಳು. ಕುಂಕುಮ ಹಚ್ಚಿ ಕೈಮುಗಿಯದೆ ದ್ಯಾಮವ್ವ ಅದರ ಮೇಲೆ ಬಟ್ಟೆ ಇಟ್ಟವಳಲ್ಲ.

“ಕಲ್ಲು ಕೊಡ್ರಿ ಅಕ್ಕಾರ, ಹೊಟ್ಟಿಪಾಡು ನಿಂತೈತಿ.”

“ಇನ್ನೊಂದು ವಾರ ತಡಕೋ ಯವ್ವಾ,” ಎಂದಳು ಕಲಾವಿದೆ. “ಅದನ್ನ ನೋಡಿ ಎಂಥೆಂಥಾ ಸಾಹೇಬರು ಅಳಾಕತ್ತಾರ.”

“ಅವರ ಕಣ್ಣೀರಾಗ ಅರಿವಿ ಒಗೀಲೇನು?”

ಒಳಗೆ ಸಾಹೇಬರು ಹೊಳೆಯನ್ನು ಉಳಿಸಲೇಬೇಕೆಂದು ಪಣ ತೊಟ್ಟರು.

ಎಂಟನೆಯ ದಿನ ಕಲಾವಿದೆ ಕಲ್ಲಿಗೆ ಕುಂಕುಮ ಹಚ್ಚಿ ಹೊಳೆಗೆ ತಂದಳು. ‘ಇಲ್ಲಿ ಬಟ್ಟೆ ಒಗೆಯಬಾರದು’ ಎಂಬ ಫಲಕ ತೂಗುಹಾಕಿದ್ದ ಹೊಸ ಬೇಲಿಯ ಹೊರಗೆ ಕುಳಿತಿದ್ದ ದ್ಯಾಮವ್ವನ ಮುಂದೆ ಅದನ್ನು ಮೆಲ್ಲಗೆ ಇಳಿಸಿದಳು.